ಅಳಿಸುವ ಅರ್ಜಿ

ಪೊಲೀಸಿನವನು ಕೇಳಿದ್ದು ಒಂದೇ ಪ್ರಶ್ನೆ. ನಾನು ಹೇಳಿದ್ದು ಒಂದೇ ಮಾತು. ಆ ಮಾತಿನಿಂದ ದ್ಯಾಮವ್ವ ಒಂದು ರಾತ್ರಿ, ಒಂದು ಹಗಲು ಜೈಲಿನಲ್ಲಿದ್ದಳು. ಆಮೇಲೆ ಅವಳ ಹೆಸರು ಕಂಪ್ಯೂಟರಿನಲ್ಲಿ ಉಳಿಯಿತು. ಇವತ್ತಿಗೂ ಇದೆ. ಅವಳ ಹೆಸರನ್ನು ಒತ್ತಿದರೆ ಯಾರಿಗೆ ಬೇಕಾದರೂ ಕಾಣುತ್ತದೆ. ಹಲ್ಲೆ, ಎರಡನೇ ದರ್ಜೆ.

ನಾನು ಹೇಳಿದ ಮಾತು "ಯೆಸ್".

ದ್ಯಾಮವ್ವ ಬಾಣಂತಿಯರಿಗೆ, ಕೂಸುಗಳಿಗೆ ನೀರೆರೆಯುವವಳು. ಇಂಡಿ ತಾಲೂಕಿನ ಹಳ್ಳಿಯವಳು. ಅವಳ ಅವ್ವ ಸೂಲಗಿತ್ತಿ, ಅವ್ವನ ಅವ್ವನೂ ಸೂಲಗಿತ್ತಿ. ಈಗ ಆ ಹಳ್ಳಿಯಲ್ಲಿ ಯಾರೂ ಮನೆಯಲ್ಲಿ ಹಡೆಯುವುದಿಲ್ಲ. ಹೆರಿಗೆಗೆ ಆಂಬುಲೆನ್ಸ್ ಬರುತ್ತದೆ. ಕೂಸಿಗೆ ಎಣ್ಣೆ ಹಚ್ಚುವವಳನ್ನು ಕರೆಯುವವರಿಲ್ಲ. ಆದರೆ ಅಮೆರಿಕದ ಜರ್ಮನ್‌ಟೌನಿನಲ್ಲಿ, ಲ್ಯಾಬಿನಲ್ಲಿ ಕೆಲಸ ಮಾಡುವ ಪ್ರತಿಭಾ ವೈನಿಗೆ ಬಾಣಂತನ ಶಾಸ್ತ್ರೋಕ್ತ ಆಗಬೇಕಿತ್ತು. ವೈನಿಯ ಅತ್ತೆ ಶಾಂತಾಬಾಯಿ ಕಾಕುವಿಗೆ ಮೊಣಕಾಲು ಬಗ್ಗುವುದಿಲ್ಲ. ಹಾಗಾಗಿ ದ್ಯಾಮವ್ವನನ್ನು ಆರು ತಿಂಗಳ ವಿಸಿಟರ್ ವೀಸಾದ ಮೇಲೆ ಕರೆಸಿದರು. ಜೊತೆಗೆ ನನ್ನನ್ನೂ ಕರೆಸಿದರು. ನಾನು ದೂರದ ಸಂಬಂಧಿ, ಪ್ರತಿಭಾ ನನಗೆ ವರಸೆಯಲ್ಲಿ ಅತ್ತಿಗೆ. ಒಂಬತ್ತನೆಯ ಇಯತ್ತೆಗೆ ಸಾಲೆ ಬಿಟ್ಟು ಮಂದಿಯ ಮನೆಗಳಲ್ಲಿ ಅಡಿಗೆಗೆ ನಿಂತವಳು. ನಮ್ಮವರು ಯಾರ ಮನೆಯಲ್ಲಾದರೂ ಕೈ ಸಾಲದಿದ್ದರೆ ಇಂದೂನ ಕಳಿಸಿ ಎನ್ನುತ್ತಿದ್ದರು. ಇಲ್ಲಿಗೂ ಹಾಗೆಯೇ ಕಳಿಸಿದರು.

ಬಂದ ದಿನವೇ ನಮ್ಮಿಬ್ಬರ ಪಾಸ್‌ಪೋರ್ಟುಗಳನ್ನು ವೈನಿ ಇಸಿದುಕೊಂಡರು. ಕಳೆದೀತು ಎಂದರು. ಮೇಲಿನ ಮಲಗುವ ಕೋಣೆಯ ಡ್ರಾಯರಿನಲ್ಲಿ ಇಟ್ಟರು.

ದ್ಯಾಮವ್ವ ಬೆಳಿಗ್ಗೆ ಆರಕ್ಕೆ ಏಳುತ್ತಿದ್ದಳು. ಬಾತ್‌ಟಬ್ಬಿನಲ್ಲಿ ಒಂದು ಮೋಟು ಸ್ಟೂಲು ಹಾಕಿ, ಸೀರೆ ಮೊಣಕಾಲ ಮೇಲೆ ಸರಿಸಿ, ಕಾಲು ಚಾಚಿ ಕೂರುತ್ತಿದ್ದಳು. ಕೂಸನ್ನು ಕಾಲಿನ ಮೇಲೆ ಮಲಗಿಸಿ ಎಣ್ಣೆ ತಿಕ್ಕುವಳು, ಮೂಗು ತೀಡುವಳು, ನೆತ್ತಿ ತಟ್ಟುವಳು, ಕಡಲೆಹಿಟ್ಟು ಹಚ್ಚಿ ಬಿಸಿನೀರು ಸುರಿಯುವಳು. ಆಮೇಲೆ ವೈನಿಯ ಸರದಿ. ಬೆನ್ನು, ಸೊಂಟ, ತೊಡೆ ಎಲ್ಲ ಉಜ್ಜಿ, ಚರ್ಮ ಕೆಂಪಗಾಗುವವರೆಗೆ ನೀರು ಹೊಯ್ಯುವಳು. ಬಕೆಟ್ ಎತ್ತಿ ಎತ್ತಿ ಅವಳ ರಟ್ಟೆ ನಡುಗುತ್ತಿತ್ತು. ಕೊನೆಗೆ ಲೋಬಾನದ ಹೊಗೆ. ಹೊಗೆಗೆ ಮೇಲಿನ ಅಲಾರಂ ಕೂಗುತ್ತದೆಂದು ನಾನು ಸ್ಟೂಲು ಹತ್ತಿ ಅದಕ್ಕೆ ಪ್ಲಾಸ್ಟಿಕ್ ಟೊಪ್ಪಿಗೆ ಹಾಕುತ್ತಿದ್ದೆ. ದ್ಯಾಮವ್ವ ನನ್ನನ್ನು ನೋಡಿ ನಗುತ್ತಿದ್ದಳು. "ದೇವರಿಗೆ ಗಂಟೀ ಬಾರಿಸಿದ್ರ ಬರೂದಿಲ್ಲ ತಂಗಿ, ಇದಕ್ಕ ಹೊಗಿ ಹಾಕಿದ್ರ ಸಾಕು, ಬಂದ ಬಿಡತೈತಿ" ಎನ್ನುವಳು.

ಆ ಕೈಗಳು ಕೂಸಿನ ಮೈಯೆಲ್ಲ ಮುಟ್ಟಬಹುದಿತ್ತು. ವೈನಿಯ ಮೈಯೆಲ್ಲ ಮುಟ್ಟಬಹುದಿತ್ತು. ಪುರುಡಿನ ಹತ್ತು ದಿನ ಮನೆಯವರೆಲ್ಲ ಮೈಲಿಗೆಯಲ್ಲೇ ಇದ್ದರು, ಹಾಗಾಗಿ ಅವಳು ಎಲ್ಲಿ ಬೇಕಾದಲ್ಲಿ ಓಡಾಡಿದಳು. ಹನ್ನೊಂದನೆಯ ದಿನ ಮನೆಗೆಲ್ಲ ನೀರು ಚಿಮುಕಿಸಿ ಶುದ್ಧ ಮಾಡಿದರು. ಅವತ್ತಿನಿಂದ ಅವಳ ಊಟ ಬೇಸ್‌ಮೆಂಟಿನಲ್ಲಿ, ಬಟ್ಟೆ ಒಗೆಯುವ ಮಷೀನಿನ ಪಕ್ಕ. ಅವಳಿಗೊಂದು ಸ್ಟೀಲಿನ ತಾಟು, ಒಂದು ಲೋಟ ಬೇರೆ ಮಾಡಿದ್ದಾಯಿತು. ಎರಡರ ತಳಕ್ಕೂ ಉಗುರುಬಣ್ಣದ ಕೆಂಪು ಬೊಟ್ಟು ಇಟ್ಟಿದ್ದಾಯಿತು. ಬೇರೆ ಪಾತ್ರೆಗಳಲ್ಲಿ ಬೆರೆಯದಿರಲಿ ಎಂದು.

ನಾನು ಅಡಿಗೆಮನೆಯಲ್ಲಿ ಕೂತು ಉಣ್ಣುತ್ತಿದ್ದೆ. ಎಲ್ಲರದೂ ಆದ ಮೇಲೆ. ಆದರೂ ಅಡಿಗೆಮನೆಯಲ್ಲೇ.

ನವೆಂಬರಿನಲ್ಲಿ ವೈನಿಯ ಗೆಳತಿಗೆ ದೂರದ ಷಾರ್ಲೆಟ್ ಊರಿನಲ್ಲಿ ಹೆರಿಗೆಯಾಯಿತು. ವೈನಿ ಫೋನಿನಲ್ಲೇ ಮಾತು ಕೊಟ್ಟುಬಿಟ್ಟರು. ನಮ್ಮಾಕಿನ್ನ ಕಳಸ್ತೀನಿ, ಎರಡು ತಿಂಗಳು ಇಟ್ಕೋ. ದ್ಯಾಮವ್ವನನ್ನು ಯಾರೂ ಕೇಳಲಿಲ್ಲ. ಶನಿವಾರ ಕಾರು ಬರುತ್ತದೆ ಎಂದು ಶುಕ್ರವಾರ ಬೆಳಿಗ್ಗೆ ಹೇಳಿದರು. ಅವಳ ಬೆರಳುಗಳ ಸಂದಿ ಬಿಸಿನೀರಿಗೆ ಒಡೆದು ರಕ್ತ ಜಿನುಗುತ್ತಿತ್ತು. ಅವಳು ಕೂಸನ್ನು ನನ್ನ ಕೈಗೆ ಕೊಟ್ಟು ಎದ್ದು ನಿಂತಳು.

"ನಾ ಏನ್ ಜರಡಿ ಏನ್ರಿ ಬಾಯಾರ, ಮನಿಂದ ಮನಿಗೆ ಎರವು ಹೋಗಾಕ? ನಾ ಒಲ್ಲೆ. ನನ್ನ ಪಾಸ್‌ಪೋರ್ಟ್ ಕೊಡ್ರಿ."

ವೈನಿ ಕೊಡುವುದಿಲ್ಲ ಎಂದರು. ಟಿಕೆಟ್ ಯಾರು ಹಾಕಿದ್ದು, ವೀಸಾ ಯಾರು ಮಾಡಿಸಿದ್ದು ಎಂದರು. ದ್ಯಾಮವ್ವ ಹಸಿ ಕಾಲಿನಲ್ಲಿ ಮಲಗುವ ಕೋಣೆಗೆ ನಡೆದಳು. ಎರೆಯುವಾಗ ಬಿಟ್ಟರೆ ಮೇಲಿನ ಮಹಡಿಯಲ್ಲಿ ಕಾಲಿಡಲು ಅವಳಿಗೆ ಅಪ್ಪಣೆ ಇರಲಿಲ್ಲ. ಡ್ರಾಯರ್ ಎಳೆದಳು. ಎರಡು ಪಾಸ್‌ಪೋರ್ಟಿನಲ್ಲಿ ತನ್ನ ಫೋಟೋ ನೋಡಿ ತನ್ನದನ್ನು ಆರಿಸಿಕೊಂಡಳು. ನನ್ನದನ್ನು ಅಲ್ಲೇ ಇಟ್ಟು ಡ್ರಾಯರ್ ಮುಚ್ಚಿದಳು.

ವೈನಿ ಬಂದು ಅವಳ ಮಣಿಕಟ್ಟು ಹಿಡಿದು ತಿರುಚಿದರು. ತೊಟ್ಟಿಲ ಶಾಸ್ತ್ರಕ್ಕೆ ತೊಟ್ಟ ಹಸಿರು ಗಾಜಿನ ಬಳೆ ಇನ್ನೂ ವೈನಿಯ ಕೈಯಲ್ಲಿದ್ದವು. ದ್ಯಾಮವ್ವ ಕೈ ಜಗ್ಗಿದಳು. ಎಣ್ಣೆ ಕೈ, ಜಾರಿತು. ವೈನಿಯ ಕೈ ಬಾಗಿಲಿನ ಚೌಕಟ್ಟಿಗೆ ಬಡಿದು ಬಳೆ ಒಡೆದವು. ಚೂರು ಚುಚ್ಚಿ ರಕ್ತ ಬಂತು. ನಾನು ಕೂಸನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದೆ. ಎಲ್ಲ ನೋಡಿದೆ. ನನ್ನಷ್ಟು ಚೆನ್ನಾಗಿ ಯಾರೂ ನೋಡಲಿಲ್ಲ.

ವೈನಿ ಪೊಲೀಸಿಗೆ ಫೋನ್ ಮಾಡಿದರು.

ಇಬ್ಬರು ಬಂದರು. ವೈನಿ ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದರು. ಅತ್ತರು. ದ್ಯಾಮವ್ವನಿಗೆ ಹೇಳಲು ಭಾಷೆಯಿರಲಿಲ್ಲ. ಪಾಸ್‌ಪೋರ್ಟನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ಪೊಲೀಸಿನವನು ನನ್ನ ಕಡೆ ತಿರುಗಿದ. ಇಂಗ್ಲಿಷ್ ಬರುತ್ತದೆಯೇ ಎಂದ. ಸ್ವಲ್ಪ ಎಂದೆ. ಆಕೆ ಇವರನ್ನು ಹೊಡೆದಳೇ ಎಂದ. ವೈನಿ ನನ್ನನ್ನು ನೋಡಿದರು. ನನ್ನ ಪಾಸ್‌ಪೋರ್ಟು ಡ್ರಾಯರಿನಲ್ಲಿತ್ತು.

ಯೆಸ್ ಎಂದೆ.

ಪೊಲೀಸಿನವನು ಬೇಡಿ ಹಾಕಲು ಹೋದ. ಅವಳ ಕೈಗೆ ಹತ್ತಿದ ಎಣ್ಣೆಗೆ ಅವನ ಹಿಡಿತ ಜಾರಿತು. ಅವನು ಬಾತ್‌ರೂಮಿನಿಂದ ಟಿಶ್ಯೂ ತಂದು ಅವಳ ಮಣಿಕಟ್ಟು ಒರೆಸಿದ. ಎರಡು ಸಲ ಒರೆಸಿದ. ಅದು ತಮ್ಮ ಕೂಸಿಗೆ ಹಚ್ಚಿದ ಎಣ್ಣೆ ಎಂದು ವೈನಿ ಹೇಳಲಿಲ್ಲ. ನಾನೂ ಹೇಳಲಿಲ್ಲ. ದ್ಯಾಮವ್ವ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ನಾನು ಅವಳ ಪರವಾಗಿ ಏನೋ ಹೇಳಿರಬೇಕು ಎಂದುಕೊಂಡಿದ್ದಾಳೆ ಎಂದು ನಾನು ನನಗೆ ಹೇಳಿಕೊಂಡೆ. ಒಂದೂವರೆ ವರ್ಷ ಅದನ್ನೇ ಹೇಳಿಕೊಂಡೆ.

ಕೇಸು ಗಟ್ಟಿಯಾಗಿ ನಿಲ್ಲಲಿಲ್ಲ. ವೈನಿ ಕೋರ್ಟಿಗೆ ಹೋಗಲೇ ಇಲ್ಲ. ಫೆಬ್ರವರಿಯಲ್ಲಿ ಸರ್ಕಾರದ ವಕೀಲರು ಇದನ್ನು ಮುಂದುವರಿಸುವುದಿಲ್ಲ ಎಂದು ಬಿಟ್ಟುಬಿಟ್ಟರು. ದ್ಯಾಮವ್ವ ತಪ್ಪು ಮಾಡಿದಳೆಂದು ಯಾರೂ ಹೇಳಲಿಲ್ಲ. ಮಾಡಿಲ್ಲವೆಂದೂ ಯಾರೂ ಹೇಳಲಿಲ್ಲ. ಬಂಧನದ ದಾಖಲೆ ಮಾತ್ರ ಹಾಗೆಯೇ ಉಳಿಯಿತು.

ಜೈಲಿನಿಂದ ಬಿಟ್ಟಾಗ, ಹತ್ತಿರದ ಊರು ಕೊಲಂಬಿಯಾದ ಕಾತ್ಯಾಯಿನಿ ಆಂಟಿ ಅವಳನ್ನು ಮನೆಗೆ ಕರೆದೊಯ್ದಿದ್ದರು. ಅವರು ಮೈಸೂರಿನವರು, ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಮೊಮ್ಮಗನಿಗೂ ದ್ಯಾಮವ್ವ ನಾಲ್ಕು ದಿನ ಎರೆದಿದ್ದಳು, ವೈನಿಯೇ ಕಳಿಸಿದ್ದರು. ಆಂಟಿ ಒಂದು ಸಹಾಯ ಸಂಸ್ಥೆಯ ವಕೀಲೆಯನ್ನು ಹಿಡಿದರು. ಆ ವಕೀಲೆ ಅರ್ಜಿ ಹಾಕಿ, ದ್ಯಾಮವ್ವನಿಗೆ ಇಲ್ಲಿ ಇರಲು, ದುಡಿಯಲು ಪರವಾನಗಿ ಕೊಡಿಸಿದರು. ಅದಿನ್ನೂ ಕಾಯಂ ಆಗಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ಅವಳಿಗೆ ಒಂದು ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತು. ಮುದುಕಿಯರಿಗೆ ಸ್ನಾನ ಮಾಡಿಸುವುದು. ಎದೆಗೆ ಹಾಕಿಕೊಳ್ಳಲು ಅವಳ ಹೆಸರಿನ ಬಿಲ್ಲೆ ಕೊಟ್ಟರು. ಆ ದಿನ ಅವಳು ನನಗೆ ಫೋನ್ ಮಾಡಿದಳು. "ಮೈ ತೊಳಿಯಾಕಿಗೆ ಇಲ್ಲಿ ಹೆಸರ ಬರದ ಕೊಡತಾರ ನೋಡ ಇಂದವ್ವ" ಎಂದಳು. ಐದನೆಯ ದಿನ ದಾಖಲೆ ಬಂತು. ದಾಖಲೆಯಲ್ಲಿ ಹಲ್ಲೆ ಎಂದಿರುವವಳನ್ನು ಕೈಲಾಗದ ಮುದುಕಿಯರ ಹತ್ತಿರ ಬಿಡಲಾಗುವುದಿಲ್ಲ ಎಂದರು. ಬಿಲ್ಲೆ ವಾಪಸು ಇಸಿದುಕೊಂಡರು. ದಾಖಲೆ ಅಳಿಸಿದರೆ ಬಾ, ತಿಂಗಳ ಮಟ್ಟಿಗೆ ಜಾಗ ಖಾಲಿ ಇಟ್ಟಿರುತ್ತೇವೆ ಎಂದರು.

ಇದು ಹೇಗೋ ಪ್ರತಿಭಾ ವೈನಿಯ ಕಿವಿಗೆ ಬಿತ್ತು. ಅದೇ ವಾರ ಆ ವಕೀಲೆಯ ಪತ್ರವೂ ಅವರಿಗೆ ಬಂದಿತ್ತು. ಪಾಸ್‌ಪೋರ್ಟು ಯಾರ ಹತ್ತಿರ ಇತ್ತು, ಯಾಕೆ ಇತ್ತು ಎಂದು ಪತ್ರದಲ್ಲಿ ಕೇಳಿದ್ದರು. ವೈನಿ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಎರಡು ಕಾಗದ ತುಂಬಿಸಿಟ್ಟಿದ್ದರು. ಸಹಿ ಮಾಡುವಲ್ಲಿ ಹಳದಿ ಚೀಟಿ ಅಂಟಿಸಿದ್ದರು.

"ನೋಡು ಇಂದೂ, ಆಕಿಗೂ ಛೊಲೋ, ನಮಗೂ ಛೊಲೋ. ರೆಕಾರ್ಡ್ ಕ್ಲೀನ್ ಆಗ್ತದ, ಜಾಬ್ ಸಿಗ್ತದ. ನೀ ಬರೇ ಸೈನ್ ತಗೊಂಡು ಫೈಲ್ ಮಾಡಿ ಬಾ. ನಿನ್ನ ಮಾತು ಆಕಿ ಕೇಳ್ತಾಳ."

ನಾನು ಬಸ್ಸಿನಲ್ಲಿ ರಾಕ್‌ವಿಲ್ ಕೋರ್ಟಿಗೆ ಹೊರಟೆ. ಸಾಲೆ ಬಿಟ್ಟವಳಾದರೂ ಓದುವ ಚಟ ಬಿಟ್ಟಿಲ್ಲ. ಫೋನಿನಲ್ಲಿ ಕಾಗದದ ಫೋಟೋ ತೆಗೆದೆ. ಫೋನು ಮಾಡಿಕೊಟ್ಟ ಕನ್ನಡ ಅನುವಾದ ಸೊಟ್ಟಸೊಟ್ಟಗೆ ಬಂತು. ಎರಡೆರಡು ಸಲ ಓದಿದೆ. ಮೊದಲನೆಯದು ಅಳಿಸಲು ಅರ್ಜಿ. ಎರಡನೆಯದು ಬೇರೆ. ಈ ಬಂಧನದ ಬಗ್ಗೆ ದೂರು ಕೊಟ್ಟವರ ಮೇಲೆ, ಪೊಲೀಸರ ಮೇಲೆ, ಇನ್ನು ಯಾರ ಮೇಲೂ ನಾನು ಯಾವತ್ತೂ ಯಾವ ಹಕ್ಕೂ ಕೇಳುವುದಿಲ್ಲ ಎಂದು ಬರೆದುಕೊಡುವ ಕಾಗದ. ದೂರು ಕೊಟ್ಟವರ ಜಾಗದಲ್ಲಿ ವೈನಿ ತಮ್ಮ ಹೆಸರನ್ನು ತಾವೇ ದುಂಡಗೆ ಬರೆದಿದ್ದರು.

ಮೂರು ವರ್ಷ ಕಾದರೆ ಇಂಥ ದಾಖಲೆ ತಾನಾಗಿಯೇ ಅಳಿಯುತ್ತದಂತೆ. ಕಾಯಲು ಆಗದವರು ಈ ಎರಡನೆಯ ಕಾಗದಕ್ಕೆ ಸಹಿ ಮಾಡಬೇಕು. ಅನ್ನ ಇದ್ದವನು ಕಾಯುತ್ತಾನೆ. ಅನ್ನ ಇಲ್ಲದವನು ಹಕ್ಕು ಬಿಟ್ಟುಕೊಡುತ್ತಾನೆ. ಕಾನೂನು ಮಾಡಿದವರಿಗೆ ಇದು ಗೊತ್ತಿರಲೇಬೇಕು.

ಇದನ್ನೆಲ್ಲ ತಿಳಿದ ಮೇಲೂ ಹೇಳಬಾರದು ಎಂದು ನಿರ್ಧರಿಸಿದೆ. ನಿಜ ಬರೆಯುತ್ತಿದ್ದೇನೆ. ದಾಖಲೆ ಅಳಿಸಿದರೆ ಅವಳಿಗೆ ಬಿಲ್ಲೆ ಸಿಗುತ್ತದೆ. ನನ್ನ ಯೆಸ್ ಕೂಡ ಅಳಿಸಿಹೋಗುತ್ತದೆ. ಅವಳ ಒಳಿತಿಗೇ ಮಾಡುತ್ತಿದ್ದೇನೆ ಎಂದುಕೊಂಡೆ. ಬಸ್ಸಿನಿಂದ ಇಳಿಯುವಾಗ ಮೈ ಹಗುರಾಗಿತ್ತು.

ನಾನು ಫೋನಿನಲ್ಲಿ ಹೇಳಿದಂತೆ ಕೋರ್ಟಿನ ಬಾಗಿಲಲ್ಲಿ ದ್ಯಾಮವ್ವ, ಕಾತ್ಯಾಯಿನಿ ಆಂಟಿ ನಿಂತಿದ್ದರು. ದ್ಯಾಮವ್ವ ಸೀರೆಯ ಮೇಲೆ ಆಂಟಿಯ ಸ್ವೆಟರ್ ಹಾಕಿಕೊಂಡಿದ್ದಳು. ನನ್ನ ಕೆನ್ನೆ ಹಿಂಡಿ ಸೊರಗೀಯಲ್ಲ ಎಂದಳು. ನಾನು ಹಳದಿ ಚೀಟಿಯ ಕಾಗದ ತೆಗೆದೆ. ಆಂಟಿ ತಡೆದರು.

"ಮೊದ್ಲು ಕೋರ್ಟಿನ ಮುದ್ರೆ ಇರೋ ಕಾಪಿ ತಗೊಳ್ಳೋಣಮ್ಮ. ಅಳಿಸಿದ್ಮೇಲೆ ಇಲ್ಲಿ ಏನೂ ಸಿಗಲ್ಲ. ಇಮಿಗ್ರೇಷನ್‌ನೋರು ಮಾತ್ರ ಕೇಳೇ ಕೇಳ್ತಾರೆ."

ನಮ್ಮ ಜನ ಈ ತಪ್ಪನ್ನು ಎಷ್ಟು ಸಲ ಮಾಡಿದ್ದಾರೆ ಎಂದು ಹೇಳಿದರು. ದೊಡ್ಡ ದೊಡ್ಡ ಓದಿದವರೇ ಮರ್ಯಾದೆಗೆ ಅಂಜಿ ಅವಸರದಲ್ಲಿ ಅಳಿಸಿಬಿಡುತ್ತಾರೆ. ಗ್ರೀನ್ ಕಾರ್ಡಿನ ಹೊತ್ತಿಗೆ ಆ ಕೇಸು ಏನಾಯಿತು, ಕಾಗದ ತಾ ಎನ್ನುತ್ತಾರೆ. ಕೋರ್ಟಿಗೆ ಬಂದರೆ ಅಂಥ ಕೇಸೇ ಇಲ್ಲ ಎನ್ನುತ್ತಾರೆ. ಆಗ ತಲೆ ಚಚ್ಚಿಕೊಳ್ಳುತ್ತಾರೆ.

ಕಿಟಕಿಯ ಹಿಂದಿನ ಹೆಂಗಸು ಏಳು ಹಾಳೆ ಅಚ್ಚು ಮಾಡಿ, ಮುದ್ರೆ ಒತ್ತಿ ಕೊಟ್ಟಳು. ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಆಂಟಿ ಕನ್ನಡಕ ಹಾಕಿಕೊಂಡು ಹಾಳೆಗೆ ಕೈ ಚಾಚಿದರು.

"ನೀವ್ ಬ್ಯಾಡ್ರಿ ಅಮ್ಮಾರ. ಇಂದವ್ವ ಓದ್ಲಿ" ಎಂದಳು ದ್ಯಾಮವ್ವ.

ಓದಿದೆ. ಅವಳ ಹೆಸರು, ವಯಸ್ಸು, ಎತ್ತರ, ತೂಕ. ಕೂದಲು ಕಪ್ಪು. ದಿನಾಂಕ. ಒಂದೊಂದು ಸಾಲು ಇಂಗ್ಲಿಷಿನಲ್ಲಿ ಕಣ್ಣಾಡಿಸಿ, ತಿಳಿಯದ್ದನ್ನು ಆಂಟಿಯನ್ನು ಕೇಳಿ, ಕನ್ನಡದಲ್ಲಿ ಹೇಳಿದೆ. ದೂರು ಕೊಟ್ಟವರು ಹೇಳಿದ್ದು. ಕೈಯಲ್ಲಿ ಗಾಯ ಕಂಡದ್ದು. ಮೂರನೆಯ ಹಾಳೆಯ ನಡುವೆ ನನ್ನ ಹೆಸರು ಬಂತು. ಬೆಂಚಿನ ಮುಂದೆ ಒಬ್ಬ ಕಸದ ಡಬ್ಬಿ ಖಾಲಿ ಮಾಡುತ್ತಿದ್ದ. ಅದನ್ನು ನೋಡುತ್ತ ಕೂತೆ. ಒಂದು ಸಾಲು ಹಾರಿಸಿದರೆ ಸಾಕಿತ್ತು. ಆಂಟಿ ಮಾತ್ರ ಪಕ್ಕದಲ್ಲೇ ಕೂತಿದ್ದರು. ಅವರಿಗೆ ಅಂಜಿ ಓದಿದೆನೋ, ಮನಸ್ಸಿನಿಂದ ಓದಿದೆನೋ ನನಗೆ ಈಗಲೂ ತಿಳಿಯದು.

"ಮನೆಯಲ್ಲಿದ್ದ ಸಂಬಂಧಿ ಇಂದು ಎಂಬಾಕೆಯನ್ನು ಕೇಳಲಾಗಿ, ಆರೋಪಿ ಹೊಡೆದದ್ದು ಹೌದು ಎಂದಳು" ಎಂದು ಓದಿದೆ.

ಅಳುತ್ತ ದ್ಯಾಮವ್ವನ ಕಾಲ ಹತ್ತಿರ ಕುಸಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಅಳಬ್ಯಾಡ. ಯೆಸ್ ಅಂದ್ರ ಏನಂತ ನನಗ ತಿಳಿಯೂದಿಲ್ಲೇನು? ಅವತ್ತ ಗೊತ್ತಿತ್ತು. ನೀ ಯಾವಾಗ ಬಾಯಿ ಬಿಡ್ತಿ ಅಂತ ನೋಡಾಕತ್ತಿದ್ದೆ. ಮುಂದ ಓದು."

ಒಂದೂವರೆ ವರ್ಷ. ನಾನು ಫೋನ್ ಮಾಡಿದಾಗಲೆಲ್ಲ ಉಂಡಿಯೇನು ತಂಗಿ ಎಂದು ಕೇಳಿದವಳು. ಕೇಳುವಾಗಲೆಲ್ಲ ಅವಳಿಗೆ ಗೊತ್ತಿತ್ತು. ಏಳನೆಯ ಹಾಳೆಯವರೆಗೆ ಓದಿದೆ. ಮುಗಿಯಿತು ಎಂದೆ.

"ಪಾಸ್‌ಪೋರ್ಟಿಂದು?"

ಇಲ್ಲ ಎಂದೆ.

"ಇನ್ನೊಮ್ಮೆ ನೋಡು."

ಆಂಟಿಯೂ ನೋಡಿದರು. ಏಳು ಹಾಳೆಯಲ್ಲಿ ಎಲ್ಲೂ ಪಾಸ್‌ಪೋರ್ಟ್ ಎಂಬ ಪದ ಇರಲಿಲ್ಲ. ಡ್ರಾಯರ್ ಇರಲಿಲ್ಲ. ಷಾರ್ಲೆಟ್ ಇರಲಿಲ್ಲ. ಒಬ್ಬ ಕೆಲಸದವಳು ಕಾರಣವಿಲ್ಲದೆ ಬಾಣಂತಿಯ ಮೇಲೆ ಕೈ ಮಾಡಿದಳು, ಅಷ್ಟೇ.

ದ್ಯಾಮವ್ವ ಹಳದಿ ಚೀಟಿಯ ಕಾಗದ ಏನು ಎಂದು ಕೇಳಿದಳು. ಈಗ ಹೇಳಿದೆ. ಎರಡನೆಯ ಕಾಗದ ಏನೆಂದೂ ಹೇಳಿದೆ. ಬಸ್ಸಿನಲ್ಲೇ ತಿಳಿದಿತ್ತು, ಹೇಳಬಾರದು ಎಂದುಕೊಂಡು ಬಂದೆ ಎಂದೂ ಹೇಳಿದೆ. ಆಂಟಿ ಕನ್ನಡಕ ತೆಗೆದು ನನ್ನನ್ನು ನೋಡಿದರು. ನನ್ನನ್ನು ಹಾಗೆ ಯಾರೂ ನೋಡಿರಲಿಲ್ಲ. ಆದರೂ ಸಹಿ ಮಾಡು, ಬಿಲ್ಲೆ ಸಿಗುತ್ತದೆ, ಇಲ್ಲದಿದ್ದರೆ ಇನ್ನೂ ಒಂದು ವರ್ಷ ಎಂಟು ತಿಂಗಳು ಕಾಯಬೇಕು ಎಂದೆ.

"ಸೈ ಮಾಡಿದ್ರ ಏನಾಗತೈತಿ?" ಎಂದಳು ದ್ಯಾಮವ್ವ. ದನಿ ಏರಿಸಲಿಲ್ಲ. "ಬಾಯಾರು ಏನೂ ಮಾಡಿಲ್ಲ ಅಂತಾಗತೈತಿ. ನೀ ಏನೂ ಅಂದಿಲ್ಲ ಅಂತಾಗತೈತಿ. ಜೈಲಿನಾಗ ಸೀರಿ ಬಿಚ್ಚಿಸಿದ್ದು, ಆ ಹಳದಿ ಅಂಗಿ ತೊಡಿಸಿದ್ದು, ನಾ ಒಬ್ಬಾಕಿನ ಕನಸ ಕಂಡಂಗ ಆಗತೈತಿ. ನಾ ಒಲ್ಲೆ. ಬ್ಯಾನಿ ತಿನ್ನೂವಾಕಿ ಕೂಡ ಕೂತು ಎಷ್ಟ ರಾತ್ರಿ ಕಾದೀನಿ. ನನಗ ಕಾಯೂದು ಗೊತ್ತೈತಿ."

"ಕೆಲಸ?"

"ಹೋಗ್ಲಿ."

ಹೋಗ್ಲಿ ಎಂದಾಗ ಅವಳ ಕೈ ಸ್ವೆಟರಿನ ಎಡಗಡೆ, ಬಿಲ್ಲೆ ಹಾಕುವ ಜಾಗ ಮುಟ್ಟಿತು. ನಾನು ನೋಡಬಾರದಿತ್ತು. ಎಲ್ಲ ನೋಡುವುದೇ ನನ್ನ ರೋಗ. ನೋಡುತ್ತೇನೆ, ಹೇಳುವುದಿಲ್ಲ.

ಅಷ್ಟರಲ್ಲಿ ಫೋನ್ ಬಂತು. ವೈನಿ. ಸೈನ್ ಆತೇನ ಎಂದರು. ಇಲ್ಲ ವೈನಿ ಎಂದೆ. ಯಾಕ ಎಂದರು. ಆಕಿ ಒಲ್ಲೆ ಅಂದ್ಲು, ನಾನೂ ಒಲ್ಲೆ ಎಂದೆ. ಅವರು ಏನೋ ಹೇಳುತ್ತಿದ್ದರು, ನನ್ನ ವೀಸಾ ಮುಗಿದು ಎಷ್ಟು ದಿನವಾಯಿತು ಎಂದು ನೆನಪಿಸುತ್ತಿದ್ದರು. ಫೋನ್ ಆರಿಸಿದೆ.

ದ್ಯಾಮವ್ವ ನನ್ನನ್ನು ಹೊಗಳಲಿಲ್ಲ. ಅವಳು ಹಳದಿ ಚೀಟಿಯ ಕಾಗದವನ್ನು ಮಗುಚಿ ಬೆಂಚಿನ ಮೇಲೆ ಹರವಿದಳು. ಹಿಂಬದಿ ಖಾಲಿ ಇತ್ತು.

"ಅಳಿಸೂದು ಆಮ್ಯಾಲೆ. ಮೊದಲ ಬರಿ."

ಆಂಟಿ ಪೆನ್ನು ಕೊಟ್ಟರು. ಇದನ್ನು ವಕೀಲೆಗೆ ಕೊಟ್ಟರೆ ನೀನು ಆ ಮನೆಗೆ ವಾಪಸು ಹೋಗೋ ಹಾಗಿಲ್ಲ, ಗೊತ್ತಲ್ಲ ಎಂದರು. ನಮ್ಮ ಬೇಸ್‌ಮೆಂಟಿನಲ್ಲಿ ಇನ್ನೊಂದು ಹಾಸಿಗೆ ಇದೆ, ದ್ಯಾಮವ್ವ ಒಪ್ಪಿದರೆ ಎಂದರು. ನಾನು ದ್ಯಾಮವ್ವನ ಮುಖ ನೋಡಿದೆ. ಅವಳು ಕಾಗದವನ್ನು ನನ್ನ ಕಡೆ ಸರಿಸಿದಳು.

ಕನ್ನಡದಲ್ಲೇ ಬರೆದೆ. ಒಂಬತ್ತನೆಯ ಇಯತ್ತೆಯ ಅಕ್ಷರ. ಪಾಸ್‌ಪೋರ್ಟು ಡ್ರಾಯರಿನಲ್ಲಿತ್ತು ಎಂದು ಬರೆದೆ. ಅದು ಅವಳದೇ ಎಂದು ಬರೆದೆ. ಕೈ ತಿರುಚಿದ್ದು ಯಾರು, ಬಳೆ ಒಡೆದದ್ದು ಹೇಗೆ ಎಂದು ಬರೆದೆ. ಪೊಲೀಸಿನವನ ಮುಂದೆ ನಾನು ಸುಳ್ಳು ಹೇಳಿದೆ ಎಂದು ಬರೆದೆ. ನನ್ನ ಪಾಸ್‌ಪೋರ್ಟು ಇನ್ನೂ ಅಲ್ಲೇ ಇದೆ ಎಂದೂ ಬರೆದೆ. ಸಹಿ ಹಾಕಲು ಹೋದೆ.

"ತಡಿ. ಇನ್ನೊಂದೈತಿ" ಎಂದಳು ದ್ಯಾಮವ್ವ. "ನನ್ನ ತಾಟಿನ ತಳಕ್ಕ ಕೆಂಪು ಬೊಟ್ಟು ಯಾರ ಇಟ್ರು?"

ಶಾಂತಾಬಾಯಿ ಕಾಕು ಇಡು ಎಂದಿದ್ದರು. ಉಗುರುಬಣ್ಣದ ಬಾಟಲಿ ವೈನಿಯದು. ತಾಟನ್ನು ಮಗುಚಿ, ಒರೆಸಿ, ಬ್ರಶ್ಶಿನಿಂದ ದುಂಡಗೆ ಬೊಟ್ಟು ಇಟ್ಟು, ಉಫ್ ಎಂದು ಊದಿ ಒಣಗಿಸಿದವಳು ನಾನು. ಅವಳು ಅವತ್ತು ಮಷೀನಿನಲ್ಲಿ ಕೂಸಿನ ಬಟ್ಟೆ ಹಾಕುತ್ತಿದ್ದಳು. ನೋಡಿಲ್ಲ ಎಂದುಕೊಂಡಿದ್ದೆ.

"ಕೋರ್ಟಿಗೆ ಅದು ಬ್ಯಾಡ ದ್ಯಾಮವ್ವ" ಎಂದೆ.

"ಕೋರ್ಟಿಗಲ್ಲ."

ಕಾಗದದ ತುದಿಯಲ್ಲಿ ಎರಡು ಬೆರಳಷ್ಟು ಜಾಗ ಉಳಿದಿತ್ತು. ಅಲ್ಲಿ ಬರೆದೆ. ಓದು ಎಂದಳು. ಓದಿದೆ.

"ಇನ್ನೊಮ್ಮೆ" ಎಂದಳು.